ಅತ್ತೆಯನ್ನು ಎಬ್ಬಿಸುವುದು

ಮುರಿದ ತೊಡೆಮೂಳೆಗೆ ಸರಳು ಹಾಕಿಸಿಕೊಂಡ ಮೇಲೆ ನ್ಯಾಕುಮ್ವೆಂಡಾ ಮುದುಕಿ ಹಾಸಿಗೆ ಬಿಟ್ಟು ಎದ್ದಿರಲಿಲ್ಲ. ಮ್ಜಿಂಬಾ ಸೀಮೆಯ ಆ ಆಸ್ಪತ್ರೆಯಲ್ಲಿ ರೋಗಿಯ ಚಾಕರಿಯೆಲ್ಲ ಮನೆಯವರದೇ. ಸೊಸೆ ನ್ಯಾಗೊಂಡ್ವೆ ಹಿತ್ತಲಿನ ಒಲೆಯಲ್ಲಿ ಮೆಕ್ಕೆಜೋಳದ ಗಂಜಿ ಕಾಯಿಸುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು, ಮಂಚದ ಪಕ್ಕ ಚಾಪೆಯ ಮೇಲೆ ಒರಗುತ್ತಿದ್ದಳು. ಒರಗಿದರೂ ಸೊಂಟ ಮಾತ್ರ ನೋಯುತ್ತಲೇ ಇರುತ್ತಿತ್ತು.

ಆಸ್ಪತ್ರೆಯಲ್ಲಿ ರೋಗಿಗಳಿಗೆ ವ್ಯಾಯಾಮ ಮಾಡಿಸುವ ತೋವೆರಾ ಬಂದು ಮುದುಕಿಯ ಉಸಿರಾಟ ಕೇಳಿಸಿಕೊಂಡಳು. "ಎದೇಲಿ ಕಫ ಕಟ್ತಾ ಇದೆ ಅಜ್ಜಿ. ಬೆನ್ನೂ ಕೆಂಪಾಗಿದೆ, ಹೀಗೇ ಬಿಟ್ರೆ ಹುಣ್ಣಾಗತ್ತೆ. ಇವತ್ತೇ ನಿಲ್ಲಬೇಕು. ಸರಳು ಹಾಕಿರೋದೇ ಅದಕ್ಕೆ."

ಊರಿಂದ ನೋಡಲು ಬಂದಿದ್ದ ಮುದುಕಿಯ ಮಗಳು ಝೊಂಡಿವೆ ಮೂಗು ಮುರಿದಳು. "ಗೊತ್ತಾಯ್ತು ಬಿಡಿ. ಅತ್ತಿಗೆಗೆ ಮಲದ ಪಾತ್ರೆ ಎತ್ತಿ ಸಾಕಾಗಿದೆ. ಅದಕ್ಕೇ ಅಮ್ಮನ್ನ ಎಬ್ಬಿಸೋ ಆತುರ."

"ಸಾಕಾಗಿರೋದು ನಿಜ ಕಣೆ," ಎಂದಳು ನ್ಯಾಗೊಂಡ್ವೆ. "ಹಾಗಾದ್ರೆ ನೀನೇ ಎಬ್ಬಿಸು."

"ನಾನು ಮುಟ್ಟಲ್ಲಪ್ಪ. ಬಿದ್ರೆ ನನ್ನ ತಲೆಗೆ ಬರತ್ತೆ."

ಬಿದ್ದರೆ ಯಾರ ತಲೆಗೆ ಬರುತ್ತದೆಂದು ನ್ಯಾಗೊಂಡ್ವೆಗೆ ಗೊತ್ತಿತ್ತು. ಸೊಸೆಯೇ ಕೊಂದಳು ಎಂದು ಗಂಡನ ಕಡೆಯವರೆಲ್ಲ ಆಡಿಕೊಳ್ಳುತ್ತಾರೆ. ಎಬ್ಬಿಸದಿದ್ದರೆ ಈ ಕಫವೇ ಮುದುಕಿಯನ್ನು ಒಯ್ಯುತ್ತದೆ.

ತೋವೆರಾ ಹೇಳಿಕೊಟ್ಟಂತೆ ಅವಳು ಬಗ್ಗಿ ಅತ್ತೆಯ ಸೊಂಟಕ್ಕೆ ಕೈ ಹಾಕಿದಳು. ಮುದುಕಿ ಕೈ ತಳ್ಳಿದಳು. "ನನ್ನ ತಲೆ ಮೇಲೆ ನಿಂತು ಎಳೀತೀಯಾ? ಇಷ್ಟು ಜನದ ಮುಂದೆ?"

ಹಿರಿಯರಿಗಿಂತ ಎತ್ತರದಲ್ಲಿ ನಿಲ್ಲುವುದು ಅಲ್ಲಿ ಅಗೌರವ. ಗಂಜಿ ಕೊಡುವಾಗಲೂ ಮಂಡಿಯೂರಿಯೇ ಕೊಟ್ಟ ಸೊಸೆ ಅವಳು. ಮದುವೆಯಾಗಿ ಬಂದಂದಿನಿಂದ ಅತ್ತೆಯೆದುರು ತಲೆಯೆತ್ತಿ ನಿಂತವಳಲ್ಲ.

ನ್ಯಾಗೊಂಡ್ವೆ ಕೈ ಹಿಂತೆಗೆದಳು. ಆಮೇಲೆ ಮಂಚದ ಮುಂದೆ ನೆಲಕ್ಕೆ ಮಂಡಿಯೂರಿದಳು. ತೋವೆರಾ ಮುದುಕಿಯ ಕಾಲುಗಳನ್ನು ಮೆಲ್ಲಗೆ ಕೆಳಗಿಳಿಸಿದಳು.

"ನನ್ನ ಹೆಗಲು ಹಿಡ್ಕೊಳ್ಳಿ ಅತ್ತೆ. ನಾನು ಎದ್ದ ಹಾಗೆ ನೀವೂ ಏಳಿ."

ಮುದುಕಿ ಹಿಡಿದಳು. ಉಗುರು ಚರ್ಮಕ್ಕೆ ನಾಟಿತು. ನ್ಯಾಗೊಂಡ್ವೆ ಒಂದು ಮಂಡಿ ಎತ್ತಿದಳು, ಉಸಿರು ಬಿಗಿಹಿಡಿದು ಇನ್ನೊಂದನ್ನೂ ಎತ್ತಿದಳು. ತೋವೆರಾ ಹಿಂದಿನಿಂದ ಕೈ ಕೊಟ್ಟಳು. ನರಳುತ್ತ, ಬೈಯುತ್ತ ಮುದುಕಿ ಎದ್ದಳು. ನಿಂತವಳೇ ಹೊಟ್ಟೆಯಾಳದಿಂದ ಕೆಮ್ಮಿದಳು. ನ್ಯಾಗೊಂಡ್ವೆ ತಾನು ಸುತ್ತಿಕೊಂಡಿದ್ದ ಬಟ್ಟೆಯ ತುದಿಯಲ್ಲೇ ಕಫ ಒರೆಸಿದಳು.

"ಈಗೆಲ್ಲಿಗೆ?" ಮುದುಕಿ ಏದುಸಿರುಬಿಟ್ಟಳು.

"ಎಲ್ಲಿಗೂ ಇಲ್ಲ ಅತ್ತೆ. ನಿಂತ್ರೆ ಸಾಕು."

ಮುದುಕಿ ಮಗಳತ್ತ ತಿರುಗಿದಳು. "ನೋಡ್ತಾ ನಿಂತ್ಯಲ್ಲ, ಹಾಸಿಗೆ ಬಟ್ಟೆ ಬದಲಾಯಿಸು. ಒದ್ದೆಯಾಗಿದೆ."

ಝೊಂಡಿವೆ ಹಾಸಿಗೆಗೆ ಬಗ್ಗಿದಳು.

"ಸಂಜೆ ಇನ್ನೊಂದ್ಸಲ," ಎಂದಳು ತೋವೆರಾ.

ನ್ಯಾಗೊಂಡ್ವೆ ತಲೆಯಾಡಿಸಿದಳು. ಕಾಲು ನಡುಗುತ್ತಿದ್ದವು, ತನ್ನವೋ ಅತ್ತೆಯವೋ ತಿಳಿಯಲಿಲ್ಲ.