ಹನ್ನೆರಡನೆಯ ದಿನದ ಮಿಶ್ರಿ

ಬಾಯಿಯ ಕ್ಯಾನ್ಸರಿನಿಂದ ತೀರಿಕೊಂಡ ಮಡದಿ ಖುರಷೀದಳ ನಲವತ್ತನೆಯ ದಿನದ ಫಾತೆಹಾ ಮುಗಿಸಿ ಸುಭಾನಸಾಬರು ಕಟ್ಟೆಯ ಮೇಲೆ ಕುಳಿತಿದ್ದರು. ಅಸಂಗಿ ಊರಿನ ಆಸ್ಪತ್ರೆಯ ನರ್ಸ್ ಕಾಜಲ್ ಬಂದಳು. ಹುರಿದ ತಂಬಾಕಿನ ಪುಡಿಯಾದ ಮಿಶ್ರಿಯಿಂದ ಹಲ್ಲುಜ್ಜುವುದನ್ನು ಬಿಡಿರೆಂದು ನಾಲ್ಕು ವರ್ಷಗಳ ಹಿಂದೆ ಖುರಷೀದಳ ಬೆನ್ನು ಬಿದ್ದವಳು ಅವಳೇ.

"ನನಗ ತಿಳಿಸಿ ಹೇಳಾಕ ಬರಲಿಲ್ಲ ಚಾಚಾ. ಚಾಚಿ ಹನ್ನೊಂದು ದಿನ ಬಿಟ್ಟಿದ್ರು. ಮತ್ತ ಯಾಕ ಹಿಡದ್ರೋ!"

ಸುಭಾನಸಾಬರು ಸುಮ್ಮನಿದ್ದರೆ ತಪ್ಪು ಈ ಹುಡುಗಿಯ ತಲೆಯ ಮೇಲೆ ಉಳಿಯುತ್ತಿತ್ತು. ಮೇಲಿರುವವನು ಎಲ್ಲವನ್ನೂ ನೋಡಿದ್ದ.

"ತಪ್ಪು ನಿಂದಲ್ಲವ್ವಾ. ಹನ್ನೆರಡನೇ ದಿನ ತಲಿ ಸಿಡೀತೈತಿ ಅಂತ ಅಳತಿದ್ಲು. ನೋಡಲಾರದ ನಾನೇ ತವಾದಾಗ ತಂಬಾಕ ಹುರದು ಕೊಟ್ಟೆ. ಬ್ಯಾಡ ಅಂದ್ಲು. 'ನರ್ಸಬಾಯಿ ನಿನ್ನ ಅತ್ತಿಯೇನ?' ಅಂತ ನಗಿಸಿ ಅಂಗೈಯಾಗ ಹಾಕಿದೆ."

ಕಾಜಲ್ ತಲೆ ತಗ್ಗಿಸಿದಳು. "ಚಾಚಿಗೆ ನೂರು ಸಲ ಹೇಳಿದೆ. ನಿಮಗ ಒಂದು ಮಾತೂ ಹೇಳಲಿಲ್ಲ ನೋಡ್ರಿ."

ಅಷ್ಟರಲ್ಲಿ ಅಡುಗೆಮನೆಯಿಂದ ತಂಬಾಕು ಹುರಿಯುವ ಘಾಟು ಬಂತು. ಸುಭಾನಸಾಬರು ಗೋಡೆ ಹಿಡಿದು ಎದ್ದು, ತನ್ನ ಮಿಶ್ರಿ ಹುರಿಯುತ್ತ ಒಲೆಯ ಮುಂದೆ ಕುಳಿತಿದ್ದ ಸೊಸೆಯ ಬಳಿ ಹೋದರು.

"ಯಾಸ್ಮಿನ, ತವಾ ಇಳಸವ್ವಾ. ನಿಮ್ಮತ್ತಿ ಖುರಷೀದಗ ನಾ ಏನ ಮಾಡೀನಿ, ಕುಂತು ಕೇಳು."