ಹನ್ನೆರಡು ಮನೆಗಳ ಕಾವು

ಜ್ವರ ಬಂದ ಮಗುವಿನ ಹಣೆ ಮುಟ್ಟುವಂತೆ ದುರುಗವ್ವ ಗೋಡೆಗೆ ಅಂಗೈಯಿಟ್ಟು ನೋಡುತ್ತಿದ್ದಳು. ನಮ್ಮೂರಿನ ಮೊದಲ ಹೆಣ್ಣು ಮೇಸ್ತ್ರಿ ಅವಳು. ಸುಡದ ಮಣ್ಣಿನ ಇಟ್ಟಿಗೆಯಲ್ಲಿ ಊರಾಚೆ ಹನ್ನೆರಡು ಮನೆ ಕಟ್ಟಿದ್ದಳು. ಬೇಸಿಗೆಯಲ್ಲಿ ಅವು ತಂಪಾಗಿರುತ್ತವೆಂದು ಅಳೆದು ತೋರಿಸಿದರೆ ಇನ್ನೂ ನಲವತ್ತು ಮನೆಗಳ ಕೆಲಸ ಅವಳದು; ಇಲ್ಲವಾದರೆ ಸಿಮೆಂಟಿನವರದು ಎಂದು ಊರಿನ ಸಮಿತಿ ಹೇಳಿತ್ತು. ಅಳೆಯಲು ಬಂದ ಹೊಸ ಇಂಜಿನಿಯರು ನಾನು.

ಆಗ ನನಗೆ ಅಂಕಿಯೇ ದೇವರು. ಮನೆಗೊಂದು ಥರ್ಮಾಮೀಟರು ಕೊಟ್ಟು, ದಿನವೂ ಮಧ್ಯಾಹ್ನ ಮೂರಕ್ಕೆ ನೋಡಿ ಬರೆದಿಡಲು ಹೇಳಿದೆ. ತಿಂಗಳಾದ ಮೇಲೆ ಹಾಳೆಗಳನ್ನು ಒಟ್ಟುಗೂಡಿಸಿ ನೋಡಿದೆ. ಹೊರಗೆ ನಲವತ್ತು, ಒಳಗೆ ಮೂವತ್ತೊಂಬತ್ತು. ಹನ್ನೆರಡು ಮನೆಯದೂ ಒಂದೇ ಹಾಡು.

"ಗ್ವಾಡಿ ಸುಳ್ಳ ಹೇಳಂಗಿಲ್ರಿ," ಎಂದಳು ದುರುಗವ್ವ, ಅಂಗೈಯನ್ನು ಗೋಡೆಯಿಂದ ತೆಗೆಯದೆ. "ಹಾಳಿ ಸುಳ್ಳ ಹೇಳ್ಯಾವು."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಎಂದುಕೊಂಡೆ ಮನಸ್ಸಿನಲ್ಲೇ. ಹಾಗೆ ಅಂದುಕೊಂಡದ್ದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ಮರುದಿನ ಮೂರಕ್ಕೆ ಐದು ನಿಮಿಷವಿರುವಾಗ ಇಬ್ಬರೂ ಆ ಹನ್ನೆರಡರಲ್ಲೊಂದಾದ ಸಂಗವ್ವಜ್ಜಿಯ ಮನೆಗೆ ಹೋದೆವು. ಥರ್ಮಾಮೀಟರು ಅರಿಶಿನ ಕುಂಕುಮ ಹಚ್ಚಿಸಿಕೊಂಡು ದೇವರ ಗೂಡಿನಲ್ಲಿ ಕೂತಿತ್ತು. ಅಜ್ಜಿ ಅದರ ಮುಂದೆ ಎರಡು ದೀಪ ಹಚ್ಚಿ, ಸಾವಕಾಶವಾಗಿ ಕೈಮುಗಿದು, ಆಮೇಲೆ ಅಂಕಿ ಓದಿದಳು.

"ಅಜ್ಜಿ, ಇದಕ್ಕ ದೀಪ ಯಾಕ?" ಎಂದೆ.

"ಮನಿ ಮಾನ ಅಳತಿ ಮಾಡೂದು ಇದು. ದೀಪ ಹಚ್ಚದ ನೋಡಿದ್ರ ಹ್ಯಾಂಗ? ಎಲ್ಲಾರ ಮನಿಗೂ ಹೋಗಿ ನಾನ ಹೇಳಿಕೊಟ್ಟೀನಿ."

ದುರುಗವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ನಾನೂ ನಕ್ಕೆ. "ದೀಪದ ಕಾವು ಒಂದು ಎಂಟೊಂಬತ್ತು ಡಿಗ್ರಿ ಕಳದು ಬರದ್ರಾತು ಬಿಡು," ಎಂದೆ. ಅವಳ ನಗು ನಿಂತಿತು.

"ಅಂದಾಜಿಲೆ ಕಳಿಯೂದು ಬ್ಯಾಡ್ರಿ. ಸಮಿತಿ ಸಭಾಕ್ಕ ಇನ್ನ ಹತ್ತು ದಿನ ಅದಾವು, ಹೊಸದಾಗಿ ಅಳೀರಿ. ಪಡುವಲ ಖೋಲಿನೂ ಬಿಡಬ್ಯಾಡ್ರಿ. ಅದು ಕಾಯ್ತೈತಿ, ನನಗ ಗೊತ್ತೈತಿ."

ಈ ಸಲ ದೀಪವಿಲ್ಲದೆ ನಾನೇ ಮನೆಮನೆ ತಿರುಗಿ ಅಳೆದೆ. ಹೊರಗೆ ನಲವತ್ತಿದ್ದರೂ ಉಳಿದ ಕೋಣೆಗಳೆಲ್ಲ ಮೂವತ್ತು. ಪಡುವಣ ಕೋಣೆಗಳು ಮೂವತ್ತಮೂರು.

ಮಧ್ಯಾಹ್ನದ ಸಭೆಯಲ್ಲಿ ಅವಳು ನನ್ನಿಂದ ಹೆಚ್ಚಿನ ಅಂಕಿಯನ್ನೇ ಮೊದಲು ಓದಿಸಿದಳು. "ಮುಂದಿನ ಮನಿಗೆ ಪಡುವಲ ಗ್ವಾಡಿ ಅರ್ಧ ಗೇಣು ದಪ್ಪ ಹಾಕ್ತೀನಿ," ಎಂದಳು. ತನ್ನ ಕೆಲಸದ ಕೊರತೆಯನ್ನು ಹಾಗೆ ತಲೆಯೆತ್ತಿ ಹೇಳಿದವರನ್ನು ನಾನು ಕಂಡಿರಲಿಲ್ಲ. ಅವಳ ಪಕ್ಕದಲ್ಲಿ ನಿಂತಿದ್ದೇನೆಂದು ನನಗೆ ಹೆಮ್ಮೆಯಾಯಿತು.

ಅಧ್ಯಕ್ಷ ಪಂಪನಗೌಡರು ಹುಬ್ಬೇರಿಸಿದರು. "ಮೂವತ್ತಮೂರು ಅಂದ್ರ ತಂಪೇನವಾ?"

ದುರುಗವ್ವ ನನ್ನ ಚೀಲದಿಂದ ಒಂದು ಥರ್ಮಾಮೀಟರು ತೆಗೆದು ಅವರ ಮುಂದೆ ಮೇಜಿನ ಮೇಲಿಟ್ಟಳು. ಆ ಸಿಮೆಂಟಿನ ಸಭಾಂಗಣದಲ್ಲಿ ಫ್ಯಾನು ತಿರುಗುತ್ತಲೇ ಇತ್ತು. ಸ್ವಲ್ಪ ಹೊತ್ತಿನ ಮೇಲೆ ಗೌಡರು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಮೂವತ್ತೆಂಟು.

ಅವರು ಅದನ್ನು ಪಕ್ಕದವರತ್ತ ಸರಿಸಿದರು. ಅದು ಮೇಜಿನ ಸುತ್ತ ಒಬ್ಬರಿಂದೊಬ್ಬರಿಗೆ ಸರಿಯುತ್ತ ಹೋಯಿತು. ಓದಿದವರೆಲ್ಲ ಒಮ್ಮೆ ಕೊರಳ ಬೆವರು ಒರೆಸಿಕೊಂಡರು. ಅದು ತಿರುಗಿ ಗೌಡರ ಬಳಿ ಬರುವಷ್ಟರಲ್ಲಿ ಅವರು ನಲವತ್ತು ಮನೆಗಳ ಕಾಗದ ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದಿದ್ದರು.