ನೇರಳೆ ಬಾವುಟ

ಹಗ್ಗ ಒದ್ದೆಯಾಗಿದೆ, ಸಮುದ್ರದ ಉಪ್ಪು ಹಿಡಿದು ಅಂಗೈಗೆ ಅಂಟುತ್ತಿದೆ, ಮತ್ತು ಆಕಾಶ — ಥೂ, ಆಕಾಶ ಇಷ್ಟು ನೀಲಿಯಾಗಿ ಯಾಕಿದೆ, ಇವತ್ತೇ ಯಾಕೆ, ಉತ್ತರಕ್ಕೆ ಕಲ್ಲಿದ್ದಲ ಸ್ಥಾವರದ ಐದೂ ಚಿಮಣಿಗಳು ಸ್ಕೇಲಿಟ್ಟು ಗೆರೆ ಎಳೆದಷ್ಟು ಸ್ಪಷ್ಟ, ಹೊಗೆ ನಮ್ಮ ಶಾಲೆಯ ಕಡೆ ಬರದೆ ಸಮುದ್ರದ ಕಡೆ ತಿರುಗಿಕೊಂಡಿದೆ, ಡಿಸೆಂಬರಿನಲ್ಲಿ ಹೀಗಾದದ್ದುಂಟೇ, ಫೋನಿನಲ್ಲಿ ಗಾಳಿಯ ಅಂಕಿ ಮೂವತ್ತೆಂಟು, ಐವತ್ತರೊಳಗಿದ್ದರೆ ಹಸಿರು ಬಾವುಟ, ಎಲ್ಲರೂ ಓಡಬಹುದು, ನೂರೈವತ್ತು ದಾಟಿದರೆ ಕೆಂಪು, ಯಾರೂ ಓಡುವಂತಿಲ್ಲ, ಇನ್ನೂರು ದಾಟಿದರೆ ನೇರಳೆ, ಎಲ್ಲರೂ ಒಳಗೆ, ಕಿಟಕಿ ಬಂದ್ — ಕೈಯಲ್ಲಿರುವುದು ಹಸಿರು, ಜಾಕೆಟ್ಟಿನೊಳಗೆ ಹೊಟ್ಟೆಗೆ ಒತ್ತಿ ಮಡಿಸಿಟ್ಟಿರುವುದು ನೇರಳೆ. ಎರಡು ವರ್ಷ ಕಾದ ದಿನ, ಶಾಲೆಯ ಕ್ರೀಡಾಕೂಟ, ವೇದಿಕೆಯ ಮೇಲೆ ಸ್ಥಾವರದ ದೊಡ್ಡ ಸಾಹೇಬ, ಅವನ ಪಕ್ಕದಲ್ಲಿ ನಗುತ್ತಾ ಬಾಗುತ್ತಾ ನಮ್ಮ ಹುಂಗ್ ಮೇಷ್ಟ್ರು, ಊರಿಡೀ ನೋಡುವಾಗ ಸಾಹೇಬನ ಮುಖಕ್ಕೆ ನಿಜವನ್ನು ಏರಿಸಿ ಹಿಡಿಯಬೇಕೆಂದುಕೊಂಡಿದ್ದೆ, ಈಗ ನೋಡಿದರೆ ನಿಜವೇ ಅವನ ಕಡೆ ಸೇರಿಕೊಂಡಿದೆ. ಇವತ್ತೊಂದು ದಿನ ಗಾಳಿ ಕೆಟ್ಟಿರಬಾರದಿತ್ತೇ.

ಅವತ್ತು, ಎರಡು ವರ್ಷದ ಹಿಂದಿನ ಕ್ರೀಡಾಕೂಟದಂದು, ಅಂಕಿ ನೂರ ಎಪ್ಪತ್ತೆರಡಿತ್ತು. ಇದೇ ಕಂಬ, ಇದೇ ಹಗ್ಗ, ನಾನು ಹತ್ತನೇ ತರಗತಿ, ಹವಾಮಾನ ಸಂಘದ ಹೊಸ ಹುಡುಗಿ, ಬಾವುಟದ ಜವಾಬ್ದಾರಿ ಸಿಕ್ಕಿತೆಂದು ಮನೆಯಲ್ಲಿ ಕುಣಿದವಳು — ಹುಂಗ್ ಬಂದರು, ಪಿನ್‌ರೋಂಗ್, ಹಸಿರು ಹಾಕಮ್ಮ, ಅಂದರು, ನಾನು, ಮೇಷ್ಟ್ರೇ, ಕೆಂಪು ಹಾಕ್ಬೇಕು, ನೂರ ಎಪ್ಪತ್ತೆರಡಿದೆ, ಅಂದೆ, ಅವರು, ಆ ಮಿಷನ್ನು ಕೆಟ್ಟಿರತ್ತೆ ಬಿಡು, ಹೊಸ ಟ್ರ್ಯಾಕು ಹಾಕಿಸ್ಕೊಟ್ಟ ಸ್ಥಾವರದೋರು ಮುಂದೇನೇ ಕೂತಿದಾರೆ, ಅವರ ಮೂಗಿನ ಕೆಳಗೆ ಕೆಂಪು ಹಿಡೀತೀಯಾ? ನಾನು ಹಸಿರು ಏರಿಸಿದೆ. ನಾನೇ, ಈ ಕೈಗಳೇ. ನನ್ನ ಗೆಳತಿ ವಾನ್‌ಚೀ ಗೆರೆಯ ಹಿಂದೆ ಬಗ್ಗುವ ಮೊದಲು ತಲೆಯೆತ್ತಿ ನೋಡಿದಳು, ಚಿಕ್ಕಂದಿನಿಂದ ಉಬ್ಬಸದವಳು, ಬಾವುಟ ನೋಡದೆ ಎಂದೂ ಓಡಿದವಳಲ್ಲ, ಬಾವುಟದ ಬುಡದಲ್ಲಿ ನಾನು ನಿಂತಿರುವುದನ್ನು ಕಂಡು ನಕ್ಕಳು, ಓಡಿದಳು, ಮೂರನೇ ತಿರುವಿನ ತನಕ ಎಲ್ಲರಿಗಿಂತ ಮುಂದಿದ್ದಳು, ಆಮೇಲೆ ಆ ಹೊಸ ಕೆಂಪು ಟ್ರ್ಯಾಕಿನ ಮೇಲೆ ಮಂಡಿಯೂರಿ, ಎದೆ ಹಿಡಿದುಕೊಂಡು, ತುಟಿ ಬೂದಿಬಣ್ಣಕ್ಕೆ ತಿರುಗಿ — ಹನ್ನೊಂದು ದಿನ ಆಸ್ಪತ್ರೆ. ಹುಂಗ್ ಬರೆದ ವರದಿಯಲ್ಲಿ, ವಿದ್ಯಾರ್ಥಿನಿ ಬೆಳಗಿನ ತಿಂಡಿ ತಿಂದಿರಲಿಲ್ಲ. ತಿಂದಿರಲಿಲ್ಲವಂತೆ! ಶಾಲೆಯ ಗೇಟಿನೆದುರು ನನ್ನಮ್ಮನ ಅಂಗಡಿಯಲ್ಲಿ ನನ್ನ ಕಣ್ಣೆದುರೇ ಎರಡು ಮೊಟ್ಟೆರೊಟ್ಟಿ ತಿಂದು, ಸೋಯಾಹಾಲು ಕುಡಿದು, ಆಂಟೀ, ಗೆದ್ದು ಬಂದ್ರೆ ಇನ್ನೊಂದು ಫ್ರೀ ಅಲ್ವಾ ಎಂದವಳು.

ಆಮೇಲೆ ನಾನು ಏನು ಮಾಡಿದರೂ ಅದಕ್ಕೇ. ಚಾವಣಿಗೆ ಸೌರಫಲಕ ಹಾಕಿಸಿ, ಸ್ಥಾವರದವರ ದಾನ ನಿಲ್ಲಿಸಿ ಎಂದು ನಾನೂರ ಆರು ಸಹಿ ಮಾಡಿಸಿದ್ದು, ಅದನ್ನು ಹುಂಗ್ ತಮ್ಮ ಚಹಾ ಲೋಟದ ಕೆಳಗೆ ಹಾಸಿಕೊಂಡದ್ದು, ಏಳನೇ ತರಗತಿಯ ಚಿಕ್ಕ ಮಕ್ಕಳಿಗೆ ಪ್ರತಿ ಸೋಮವಾರ, ಯಾರ ಮಾತೂ ಕೇಳ್ಬೇಡಿ, ಬಾವುಟ ನೋಡಿ, ನೇರಳೆ ಕಂಡ್ರೆ ಕೇಳದೇ ಒಳಗೆ ಹೋಗಿ ಎಂದು ಬಾಯಿಪಾಠ ಮಾಡಿಸಿದ್ದು. ಮುಂದೇನಾಗುತ್ತೀ ಎಂಬ ಫಾರಮ್ಮಿನಲ್ಲಿ ಬೇರೆಯವರು ನರ್ಸು, ಕಂಪ್ಯೂಟರ್ ಚಿಪ್ ಕಾರ್ಖಾನೆ, ಮೇಕಪ್ಪು ಎಂದೆಲ್ಲ ಬರೆದರು, ನಾನು ಬರೆದೆ, ಚಿಮಣಿಯ ಹೊಗೆ ಅಳೆಯುವವಳಾಗುತ್ತೇನೆ, ಅಳೆದು ಮುಚ್ಚಿಸುತ್ತೇನೆ. ಹುಂಗ್ ಓದಿ ನಕ್ಕುಬಿಟ್ಟರು, ಇದು ಕೆಲಸ ಅಲ್ಲ ಕಣಮ್ಮ, ಕೋಪ. ಇರಲಿ, ಕೋಪವೇ ಇರಲಿ, ನಿಮ್ಮ ನಗು ಎಷ್ಟು ದಿನವೋ ನೋಡೋಣ. ವಾನ್‌ಚೀ ಹವಾಮಾನ ಮುನ್ಸೂಚನೆ ಕಲಿಯುತ್ತೇನೆಂದು ಬರೆದಳು, ನನ್ನ ಫಾರಮ್ಮು ಕಿತ್ತು ನೋಡಿ, ಅಯ್ಯೋ ಮಾರಾಯ್ತಿ, ನಾನು ಉಸಿರಾಡೋಕೆ ಓದ್ತಿದೀನಿ, ನೀನು ಸೇಡಿಗೆ ಓದ್ತಿದೀಯ, ಬಿದ್ದೋಳು ನಾನು, ನಿಂಗ್ಯಾಕೇ ಇಷ್ಟು ಉರಿ? ಫಾರಮ್ಮು ಅವಳ ಕೈಯಿಂದ ಎಳೆದುಕೊಂಡೆ — ಅವತ್ತು ಹಸಿರು ಏರಿಸಿದವಳು ನಾನು.

ಹುಂಗ್ ಬರುತ್ತಿದ್ದಾರೆ, ಹೊಸ ಟೈ, ಎಣ್ಣೆ ಹಾಕಿ ಬಾಚಿದ ಕೂದಲು, ಹಾಕು ಹಾಕು, ಕಡಲದೇವಿ ಮಾತ್ಸು ತಾಯಿ ಕಣ್ಬಿಟ್ಟಿದಾಳೆ ನೋಡು, ಇವತ್ತು ನಿಜವಾಗ್ಲೂ ಹಸಿರೇ. ನಿಜವಾಗ್ಲೂ. ನಿಜವಾಗ್ಲೂ ಎಂದರು. ಹಾಗಾದರೆ ಅವತ್ತಿನದು ಸುಳ್ಳೆಂದು ಗೊತ್ತಿತ್ತು, ಮಿಷನ್ನು ಕೆಟ್ಟಿಲ್ಲವೆಂದು ಗೊತ್ತಿತ್ತು, ಆಸ್ಪತ್ರೆಗೆ ಸೇಬಿನ ಬುಟ್ಟಿ ಹಿಡಿದು ಬಂದಾಗಲೂ ಗೊತ್ತಿತ್ತು — ಅವರು ಬೆನ್ನು ತಿರುಗಿಸಿದ್ದೇ ನನ್ನ ಕೈ ಜಾಕೆಟ್ಟಿನೊಳಗೆ ಹೋಗಿದೆ, ಕೊಕ್ಕೆ ಸಿಕ್ಕಿಸಿದೆ, ಎಳೆಯುತ್ತಿದ್ದೇನೆ, ಮೂವತ್ತೆಂಟೋ ಮುನ್ನೂರೋ ಏನಾದರಾಗಲಿ, ಅವರಿಗೊಂದು ಸುಳ್ಳು ಸಲ್ಲುವುದಾದರೆ ನನಗೂ ಒಂದು ಸಲ್ಲಲಿ, ನೇರಳೆ ತುದಿ ಮುಟ್ಟಿ ಗಾಳಿಗೆ ಪಟ್ಟನೆ ಬಿಚ್ಚಿಕೊಂಡಿತು. ಏಳನೇ ತರಗತಿಯೇ ಮೊದಲು ಕಂಡದ್ದು, ನನ್ನ ಮಕ್ಕಳು, ಯಾರನ್ನೂ ಕೇಳಲಿಲ್ಲ, ಮಾಸ್ಕು ಏರಿಸಿಕೊಂಡು ಸಾಲಾಗಿ ತಿರುಗಿದರು, ಅವರ ಹಿಂದೆ ಎಂಟು, ಒಂಬತ್ತು, ಪೀಪಿ ಊದುತ್ತಾ ಮೇಷ್ಟ್ರುಗಳು, ಕುರ್ಚಿ ಎಳೆದುಕೊಂಡು ತಾಯಿತಂದೆಯರು, ಬ್ಯಾಂಡಿನವರು ಹಾಡಿನ ನಡುವೆಯೇ ಡೋಲು ಎತ್ತಿಕೊಂಡು ನಡೆದರು, ಮೈದಾನ ಬರಿದಾಯಿತು, ದೊಡ್ಡ ಸಾಹೇಬ ರಿಬ್ಬನ್ನಿನ ಮುಂದೆ ಕತ್ತರಿ ಬಾಯಿ ತೆರೆದು ಹಿಡಿದು ನಿಂತೇ ಇದ್ದಾನೆ, ಚಪ್ಪಾಳೆಗೆ ಒಂದು ಕೈ ಇಲ್ಲ, ಹುಂಗ್ ಹಗ್ಗದ ಕಡೆ ಓಡಿಬರುತ್ತಿದ್ದಾರೆ, ಟೈ ಹೆಗಲ ಮೇಲೆ ಹಾರಿಬಿದ್ದಿದೆ, ಏನೇ ಇದು, ಇಳಿಸೇ, ಇಳಿಸು, ಎಂದು ಕೂಗುತ್ತಿದ್ದಾರೆ, ಓಡಿ ಮೇಷ್ಟ್ರೇ, ಓಡಿ, ಓಡಿದರೆ ಎದೆ ಹೇಗಾಗುತ್ತದೆ ನೋಡಿ, ನನ್ನ ಬಾಯೆಲ್ಲ ಸಿಹಿ.

ಪಿನ್‌ರೋಂಗ್! ಯಾರೋ ಕರೆದರು. ಪಿನ್‌ರೋಂಗ್, ಮೂವತ್ತೆಂಟು ಕಣೇ, ಮೂವತ್ತೆಂಟು! ಓಟದ ಗೆರೆಯ ಹತ್ತಿರ ವಾನ್‌ಚೀ, ಫೋನು ಎತ್ತಿ ಆಡಿಸುತ್ತಿದ್ದಾಳೆ, ನಗುತ್ತಲೇ, ನಾನೇನೋ ಕಣ್ತಪ್ಪಿ ಏರಿಸಿದ್ದೇನೆ ಎಂದುಕೊಂಡು, ಸುಳ್ಳೆಂದು ಊಹಿಸದೆ — ಚಡ್ಡಿ, ಬನಿಯನ್ನು, ಓಟದ ಹೊಸ ಬೂಟು, ಎದೆಯ ಮೇಲೆ ಬಿಳಿ ಬಟ್ಟೆಯಲ್ಲಿ ನಂಬರು. ಅವಳ ತರಗತಿಯ ಟೀಚರು ಹೆಗಲ ಮೇಲೆ ಕೈಹಾಕಿ ಒಳಗೆ ಕರೆಯುತ್ತಿದ್ದಾರೆ, ನಡಿಯಮ್ಮ, ನಿನ್ನ ಎದೆಗಂತೂ ಇಲ್ಲಿರೋದೇ ಬೇಡ, ಅವಳು, ಟೀಚರ್, ಒಂದೇ ಸುತ್ತು, ಡಾಕ್ಟ್ರು ಬಿಟ್ಟಿದಾರೆ, ಗಾಳಿ ಚೆನ್ನಾಗಿರೋ ದಿನ ಒಂದು ಸುತ್ತು ಓಡ್ಬೋದು ಅಂದ್ರು, ಓಡಿ ಎರಡು ವರ್ಷ ಆಯ್ತು ಟೀಚರ್, ಪಿನ್‌ರೋಂಗ್‌ಗೂ ಹೇಳಿರ್ಲಿಲ್ಲ, ಟೀಚರು ತಲೆಯೆತ್ತಿ ಬಾವುಟ ತೋರಿಸಿದರು. ವಾನ್‌ಚೀ ನೋಡಿದಳು. ಬಾವುಟವನ್ನು, ಬುಡದಲ್ಲಿ ನಿಂತ ನನ್ನನ್ನು, ನನ್ನ ಕಾಲ ಬಳಿ ಬಿದ್ದ ಹಸಿರನ್ನು. ನಗು ನಿಂತಿತು. ಹೊಗೆ ಅಳೆಯುವವಳು, ನಾನು, ಅಳೆಯುವವಳು — ಹುಂಗ್ ನನ್ನ ಕೈಯಿಂದ ಹಗ್ಗ ಕಿತ್ತುಕೊಂಡು ಏನೋ ಅರಚುತ್ತಿದ್ದಾರೆ, ಕೇಳಿಸುತ್ತಿಲ್ಲ, ವಾನ್‌ಚೀ ಎದೆಯ ಮೇಲಿನ ನಂಬರು ಬಿಚ್ಚುತ್ತಿದ್ದಾಳೆ, ನಾಲ್ಕು ಮೂಲೆಗೆ ನಾಲ್ಕು ಪಿನ್ನು, ನನ್ನನ್ನೇ ನೋಡುತ್ತಾ, ಒಂದು ಪಿನ್ನು, ಬಟ್ಟೆಯ ಒಂದು ಮೂಲೆ ಜೋತುಬಿತ್ತು, ಇನ್ನೊಂದು ಪಿನ್ನು, ಇನ್ನೊಂದು —